ಮೂರನೇ ಪ್ರೆಸ್ಸಿನ ಕುಂಟುತಾಳ

ಅಕ್ಕನ ಮನೆಯಲ್ಲಿ ಅವಳಿಗೆ ಟಕಟಕಿ ಎಂದೇ ಹೆಸರು. ಇಟ್ಟವನು ಭಾವ. ಮದುವೆಯಾದ ಹೊಸದರಲ್ಲಿ ಅಕ್ಕ ತಾಯಿಯಿಲ್ಲದ ತಂಗಿಯನ್ನೂ ಗಂಡನ ಮನೆಗೆ ಜೊತೆಯಲ್ಲೇ ಕರೆತಂದಿದ್ದಳು. ಆ ಹುಡುಗಿ ಊಟದ ತಟ್ಟೆ, ಕಿಟಕಿಯ ಸರಳು, ಬಾಗಿಲ ಚಿಲಕ, ಕೊನೆಗೆ ಬೋರಲು ಮಲಗಿದ್ದ ಭಾವನ ಬೆನ್ನನ್ನೂ ಬಿಡದೆ ಬಾರಿಸುತ್ತಿತ್ತು. ಬೇರೆಯವರಾಗಿದ್ದರೆ ಎರಡು ಬಿಗಿದು ಕೂರಿಸುತ್ತಿದ್ದರೋ ಏನೋ. ಭಾವ ತನ್ನ ಕಾರ್ಖಾನೆಯಿಂದ ಗುಜರಿಗೆ ಹೊರಟಿದ್ದ ತಗಡಿನ ಬಿಲ್ಲೆಗಳನ್ನು ತಂದು, ತೂತು ಕೊರೆದು, ದಾರಕ್ಕೆ ಪೋಣಿಸಿ ಕಿಟಕಿಗೆ ತೂಗುಹಾಕಿ, ಬಾರಿಸುವುದಿದ್ದರೆ ಇದನ್ನು ಬಾರಿಸು, ನನ್ನ ಬೆನ್ನಿಗೆ ಬಿಡುವು ಕೊಡು ಎಂದಿದ್ದ.

ಟಕಟಕಿ ಬೆಳೆದು ದೊಡ್ಡವಳಾಗಿ ಅದನ್ನೇ ಓದಿದಳು, ಅದನ್ನೇ ಕಸುಬು ಮಾಡಿಕೊಂಡಳು. ಮೂರು ನಾಲ್ಕು ಜನ ಚಿಕ್ಕ ಕೋಣೆಯಲ್ಲಿ ಕೂತು ನುಡಿಸುವಂಥ ಹೊಸ ಬಗೆಯ ಸಂಗೀತ ಬರೆಯುತ್ತಿದ್ದಳು. ತಾನು ತಮಟೆಯಂಥ ಅಗಲ ಡೋಲು, ಹೂಕುಂಡ, ನೀರು ತುಂಬಿದ ಬಟ್ಟಲು, ಗರಗಸದ ಅಲಗು ಇಟ್ಟುಕೊಂಡು ನಡುವೆ ನಿಲ್ಲುತ್ತಿದ್ದಳು. ಎಡಕ್ಕೆ ಕ್ಲಾರಿನೆಟ್ ಊದುವ ಗೆಳೆಯ, ಬಲಕ್ಕೆ ದೊಡ್ಡ ಪಿಟೀಲಿನಂಥ ಚೆಲ್ಲೋ ನುಡಿಸುವ ಗೆಳತಿ. ಕೇಳಲು ಬರುತ್ತಿದ್ದವರು ಒಂದು ಬಸ್ಸು ತುಂಬದಷ್ಟು ಮಂದಿ. ಭಾವ ಮಾತ್ರ ಒಂದನ್ನೂ ತಪ್ಪಿಸದೆ ಬಂದು, ಮುಂದಿನ ಸಾಲಿನಲ್ಲೇ ಕೂತು, ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದ. ಅಕ್ಕ ತೊಡೆ ಚಿವುಟಿದರೆ ಬೆಚ್ಚಿ ಚಪ್ಪಾಳೆ ತಟ್ಟಿಬಿಡುತ್ತಿದ್ದ. ಮನೆಗೆ ಬಂದ ಮೇಲೆ, 'ನಾನು ನಿದ್ದೆ ಮಾಡ್ಲಿಲ್ಲಮ್ಮ, ಕಣ್ಣು ಮುಚ್ಕೊಂಡು ಅನುಭವಿಸ್ತಿದ್ದೆ' ಎಂದು ಸಾಧಿಸುತ್ತಿದ್ದ.

ಒಂದು ದಿನ ಭಾವ ಊಟದ ಡಬ್ಬಿ ಮರೆತು ಹೋದ. ಅಕ್ಕ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟಾಗಿತ್ತು. ಡಬ್ಬಿ ತಲುಪಿಸಲು ಟಕಟಕಿಯೇ ಹೋಗಬೇಕಾಯಿತು. ಅಷ್ಟು ವರ್ಷ ಆ ಮನೆಯ ಅನ್ನ ತಿಂದಿದ್ದರೂ ಕಾರ್ಖಾನೆಯ ಒಳಗೆ ಅವಳು ಕಾಲಿಟ್ಟಿರಲಿಲ್ಲ. ಹೋಗಿದ್ದೇ ತಪ್ಪಾಯಿತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಅಲ್ಲಿ ತಗಡಿನ ಡಬ್ಬಿಗಳಿಗೆ ಮುಚ್ಚಳ ಮಾಡುತ್ತಿದ್ದರು. ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ತಗಡು ಒತ್ತಿ ಕತ್ತರಿಸುವ ಪ್ರೆಸ್ಸುಗಳು. ಮೂರನೆಯದು ಎಲ್ಲಕ್ಕಿಂತ ಹಳೆಯದು, ಬಣ್ಣವೆಲ್ಲ ಹೋಗಿ ಕಪ್ಪಿಟ್ಟದ್ದು. ಅದರ ಮುಂದೆ ಭಾವ ಕೂತಿದ್ದ. ಎಡಗೈಯಿಂದ ತಗಡಿನ ತುಂಡನ್ನು ಅಚ್ಚಿನ ಮೇಲಿಟ್ಟು ಪೆಡಲು ತುಳಿಯುತ್ತಿದ್ದ. ಮೇಲಿನ ಅಚ್ಚು ಢಬ್ಬೆಂದು ಬಿದ್ದು, ಮತ್ತೆ ಮೇಲೇರಿ, ಟಕ್ಕೆಂದು ನಿಲ್ಲುತ್ತಿತ್ತು. ಅದು ನಿಂತೊಡನೆ ಬಲಗೈ ಒಳಗೆ ಹೋಗಿ ಮುಚ್ಚಳ ಎತ್ತಿಕೊಳ್ಳುತ್ತಿತ್ತು. ಢಬ್, ಟಕ್, ಕೈ. ಢಬ್, ಟಕ್, ಕೈ. ಮನೆಯಲ್ಲಿ ಸೋಫಾದಿಂದ ಏಳಲು ಹತ್ತು ಸಲ ಅಮ್ಮಾ ಎನ್ನುವ ಭಾವನ ಕೈಗಳು ಇಲ್ಲಿ ಯಾರದೋ ಕೈಗಳಂತೆ ಓಡಾಡುತ್ತಿದ್ದವು. ಟಕಟಕಿ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ಪಕ್ಕದ ಎರಡು ಪ್ರೆಸ್ಸುಗಳೂ ಅದನ್ನೇ ಮಾಡುತ್ತಿದ್ದವು, ಆದರೆ ಅವುಗಳ ಟಕ್ ಗಡಿಯಾರದ ಹಾಗೆ ನೀರಸ. ಮೂರನೆಯದರ ಟಕ್ ಮಾತ್ರ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಕಾಲು ಸ್ವಲ್ಪ ಎಳೆದು ನಡೆಯುವವರ ಹೆಜ್ಜೆಯಂತೆ.

ಹೀಗೆ ಆ ಕೃತಿ ಹುಟ್ಟಿತು: ಕ್ಲಾರಿನೆಟ್, ಚೆಲ್ಲೋ, ಡೋಲು, ನಾಲ್ಕನೆಯದಾಗಿ ಪ್ರೆಸ್ಸು. ಕಾರ್ಖಾನೆಯ ಮಾಲೀಕರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ತಮ್ಮ ಯಂತ್ರವೂ ಕಲಾವಿದ ಎಂದು ಯಾರೋ ಹೇಳಿದ್ದಕ್ಕೆ ಅವರು ಉಬ್ಬಿಹೋದರು. ಶೆಡ್ಡಿನಲ್ಲೇ ಕುರ್ಚಿ ಹಾಕಿಸಿ ಕಾರ್ಯಕ್ರಮ ಮಾಡೋಣ, ದೊಡ್ಡವರನ್ನೆಲ್ಲ ಕರೆಯೋಣ ಎಂದರು. ಪ್ರೆಸ್ ನಡೆಸುವವನು ಭಾವನೇ. ಅಂತೂ ನಿದ್ದೆ ಮಾಡದೆ ಕೂರುವ ಕಛೇರಿ ಒಂದು ಸಿಕ್ಕಿತು ನಿಮಗೆ ಎಂದು ಅಕ್ಕ ಹಾಸ್ಯ ಮಾಡಿದಳು.

ಟಕಟಕಿ ಆಗಾಗ ಹೋಗಿ ಪ್ರೆಸ್ಸಿನ ಸದ್ದು ಮುದ್ರಿಸಿಕೊಂಡು ಬರುತ್ತಿದ್ದಳು. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಸ್ವರ ಹೆಣೆಯುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಹೊಸ ಧ್ವನಿಮುದ್ರಿಕೆಯನ್ನು ಹಳೆಯದರ ಪಕ್ಕಕ್ಕಿಟ್ಟು ಕೇಳಿದಾಗ ಎರಡೂ ಕೂಡಿ ಬರಲಿಲ್ಲ. ಹೊಡೆತಕ್ಕೆ ಹೊಡೆತ ಸರಿಯಾಗಿ ಕೂತರೂ ಟಕ್ ಮೊದಲಿಗಿಂತ ಹಿಂದೆ ಜಾರಿತ್ತು. ತನ್ನ ಉಪಕರಣದ ದೋಷವಿರಬೇಕು ಎಂದು ಬೇರೆಯದರಲ್ಲಿ ಮುದ್ರಿಸಿದಳು. ಇನ್ನಷ್ಟು ಜಾರಿತ್ತು.

ಸಂಜೆ ಭಾವ ಬಚ್ಚಲಲ್ಲಿ ಕೈಯ ಎಣ್ಣೆ ಜಿಡ್ಡು ತಿಕ್ಕಿ ತೊಳೆಯುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಇದನ್ನು ಹೇಳಿದಳು. ಅವನು ಆಶ್ಚರ್ಯಪಡಲಿಲ್ಲ. ಬ್ರೇಕಿನ ಪಟ್ಟಿ ಸವೆದಿದೆ, ಅದಕ್ಕೇ ಅಚ್ಚು ಮೇಲೆ ಹೋಗಿ ತಡವಾಗಿ ನಿಲ್ಲುತ್ತದೆ, ಫಿಟ್ಟರ್‌ಗೆ ಹೇಳಿ ಬಿಗಿ ಮಾಡಿಸಬೇಕು ಎಂದ.

'ಬಿಗಿ ಮಾಡ್ಸದೇ ಇದ್ರೆ?' ಎಂದು ಅವಳು ಕೇಳಿದಳು.

ಭಾವ ಉಗುರಿನ ಸಂದಿಗೆ ಬ್ರಷ್ ಹಾಕುತ್ತಲೇ ಹೇಳಿದ. 'ಒಂದಿನ ಮೇಲೆ ನಿಲ್ಲಲ್ಲ. ನಾನು ತುಳೀದೇ ಇದ್ರೂ ಇನ್ನೊಂದ್ಸಲ ಕೆಳಗೆ ಬರುತ್ತೆ.'

ಢಬ್ ಆದ ಮೇಲೆ ಟಕ್ ಬರದೆ, ಕೈ ಒಳಗಿರುವಾಗ ಮತ್ತೆ ಢಬ್. ಅದನ್ನು ಕಲ್ಪಿಸಿಕೊಳ್ಳಲು ಅವಳಿಗೆ ಕಷ್ಟಪಡಬೇಕಾಗಿರಲಿಲ್ಲ. ಅವಳ ಕಸುಬೇ ಅದು. ನಾಳೆಯೇ ಹೇಳಿ ಎಂದಳು. ಹೂಂ ಎಂದ. ಅಲ್ಲಿಗೆ ಮಾತು ಮುಗಿಯಿತು. ಆದರೆ ಕೋಣೆಗೆ ಬಂದು ಕೂತಾಗ ಕಿವಿಯಲ್ಲಿ ಉಳಿದಿದ್ದದ್ದು ಹೆದರಿಕೆಯಲ್ಲ, ಆ ಜಾರಿದ ಟಕ್. ಬರಬೇಕಾದಲ್ಲಿ ಬಾರದೆ, ಕೇಳುವವರ ಉಸಿರು ಹಿಡಿಸಿ, ಆಮೇಲೆ ಬರುವ ಸದ್ದು. ಆ ಸಣ್ಣ ಬಿರುಕಿನೊಳಗೆ ಚೆಲ್ಲೋದ ಒಂದೇ ಒಂದು ಎಳೆತ ಇಟ್ಟರೆ ಹೇಗೆ ಎಂದು ಬರೆದು ನೋಡಿದಳು. ಅಷ್ಟು ಚೆನ್ನಾದದ್ದನ್ನು ಅವಳು ಅದುವರೆಗೆ ಬರೆದಿರಲಿಲ್ಲ. ಬರೆದ ಮೇಲೆ, ಫಿಟ್ಟರ್‌ಗೆ ಹೇಳಿದಿರಾ ಎಂದು ಭಾವನನ್ನು ಮತ್ತೆ ಕೇಳಲಿಲ್ಲ.

ಆದರೂ ಫಿಟ್ಟರ್ ತನ್ನಷ್ಟಕ್ಕೆ ತಾನೇ ಒಂದು ದಿನ ಬ್ರೇಕು ಬಿಗಿ ಮಾಡಿದ. ಮಾರನೆಯ ದಿನ ಮೂವರೂ ವಾದ್ಯ ಹೊತ್ತುಕೊಂಡು ಶೆಡ್ಡಿಗೆ ಹೋಗಿ ಪ್ರೆಸ್ಸಿನ ಜೊತೆ ನುಡಿಸಿದಾಗ ಕೃತಿ ಹೆಣದಂತೆ ಬಿದ್ದುಕೊಂಡಿತು. ಚೆಲ್ಲೋದವಳು ಕಮಾನು ಕೆಳಗಿಟ್ಟು, ನನಗೆ ನುಸುಳಲು ಜಾಗವೇ ಇಲ್ಲ ಎಂದಳು. ಕ್ಲಾರಿನೆಟ್‌ನವನು ಮುದ್ರಿಕೆ ಹಾಕಿಕೊಂಡು ನುಡಿಸೋಣ ಎಂದ. ಅದು ಸರಿಯಾದ ಮಾತೇ ಆಗಿತ್ತು. ಟಕಟಕಿಗೆ ಅದು ಅವಮಾನದಂತೆ ಕಂಡಿತು. ಮೈಮೇಲೆ ಬರುವಂಥ ಸದ್ದು ಎದುರಿಗಿರುವಾಗ ಅದರ ಫೋಟೋ ಇಟ್ಟುಕೊಂಡು ಕೂರುವುದೇ?

ಆ ಹೊತ್ತಿಗೆ ಮಾಲೀಕರು ಅಲ್ಲಿಗೆ ಬಂದರು. ಅವಳ ಮುಖ ನೋಡಿ ಏನಾಯಿತು ಎಂದು ವಿಚಾರಿಸಿದರು. ಹೋದ ವಾರವಿದ್ದ ಸದ್ದು ಈ ವಾರ ಇಲ್ಲ ಎಂದಷ್ಟೇ ಅವಳು ಹೇಳಿದಳು. ಬ್ರೇಕು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮಾಲೀಕರು ಫಿಟ್ಟರ್‌ನನ್ನು ಕೂಗಿಸಿ, ನೀನು ಏನು ಮಾಡಿದ್ದೀಯೋ ಅದನ್ನು ಬಿಚ್ಚಿ ಮೊದಲಿನ ಹಾಗೆ ಮಾಡು, ಅತಿಥಿಗಳು ಬರುತ್ತಾರೆ ಎಂದು ಹೇಳಿ ಫೋನು ಬಂತೆಂದು ಹೊರಗೆ ಹೋದರು.

ಫಿಟ್ಟರ್ ಮಾತು ಕಡಿಮೆಯ ಮನುಷ್ಯ. ಕೈಯಲ್ಲೇ ಸ್ಪ್ಯಾನರ್ ತಿರುಗಿಸುತ್ತಾ ಅವಳನ್ನೇ ನೋಡಿದ.

'ಅದು ಬ್ರೇಕು, ಮೇಡಂ. ಗೊತ್ತಲ್ಲ ನಿಮಗೆ?'

'ಗೊತ್ತು. ಕಾರ್ಯಕ್ರಮ ಮುಗಿದ ತಕ್ಷಣ ಬಿಗಿ ಮಾಡ್ಬಿಡಿ.'

'ನೀವು ಹೇಳಿದ ತಕ್ಷಣ ಮಾಡ್ತೀನಿ. ಮರೀದೆ ಹೇಳಿ ಮಾತ್ರ.'

ಭಾವ ಪ್ರೆಸ್ಸಿನ ಮುಂದೆಯೇ ಕೂತಿದ್ದ, ಎಲ್ಲವನ್ನೂ ಕೇಳಿದ. ಅವಳು ಅವನ ಕಡೆ ನೋಡಲಾರದೆ ಡೋಲಿನ ಹಗ್ಗ ಎಳೆಯುತ್ತಾ ನಿಂತಳು. ಭಾವ ಕಪಾಟಿನಿಂದ ಉದ್ದನೆಯ ಇಕ್ಕಳ ತೆಗೆದು, ಧೂಳು ಊದಿ, ಕೈಯಲ್ಲಿ ಹಿಡಿದು ಟಕಟಕ ಎನ್ನಿಸಿ ತೋರಿಸಿದ. ಮುಚ್ಚಳ ಎತ್ತಲು ಅದನ್ನೇ ಬಳಸಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಕೆಲಸ ನಿಧಾನವಾಗುತ್ತದೆಂದು ಯಾರೂ ಬಳಸುತ್ತಿರಲಿಲ್ಲ.

'ನಾನು ಇದ್ರಲ್ಲಿ ಎತ್ಕೋತೀನಿ ಬಿಡೇ. ನಿನ್ನ ಹಾಡು ಕುಂಟ್ಲಿ, ಅದಕ್ಕೇನಂತೆ' ಎಂದ.

ಫಿಟ್ಟರ್ ಪಟ್ಟಿ ಸಡಿಲಿಸಿದ. ಟಕ್ ಮತ್ತೆ ಹಿಂದೆ ಜಾರಿತು. ಚೆಲ್ಲೋದವಳು ಕಣ್ಣು ಮುಚ್ಚಿ ಕಮಾನು ಎಳೆದಳು. ಕ್ಲಾರಿನೆಟ್‌ನವನು ಮೈ ಜುಂ ಎಂದಿತು ಎಂದ. ಮನೆಗೆ ಬಂದ ಮೇಲೆ ಇದಾವುದೂ ಅಕ್ಕನ ಕಿವಿಗೆ ಬೀಳಲಿಲ್ಲ. ಭಾವನೂ ಹೇಳಲಿಲ್ಲ, ತಂಗಿಯೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಇಬ್ಬರೂ ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೀರಿ ಎಂದು ಅಕ್ಕ ಎರಡು ಸಲ ಕೇಳಿದಳು.

ಕಾರ್ಯಕ್ರಮದ ದಿನ ಬಿಸಿಲು ಇಳಿಯುವ ಮೊದಲೇ ಶೆಡ್ಡು ತುಂಬಿತು. ತಗಡಿನ ಹಾಳೆಗಳ ಅಟ್ಟಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಗ್ರೀಸಿನ ವಾಸನೆಗೆ ಯಾರೋ ಸುಗಂಧ ಸಿಂಪಡಿಸಿ, ಎರಡೂ ಸೇರಿ ತಲೆ ಸುತ್ತುವಂತಾಗಿತ್ತು. ಅಕ್ಕ ಹೊಸ ಬಟ್ಟೆ ಉಟ್ಟು ಮೂರನೇ ಸಾಲಿನಲ್ಲಿ ಕೂತಿದ್ದಳು. ಭಾವನಿಗೆ ಮಾಲೀಕರು ಒಗೆದ ಸಮವಸ್ತ್ರ ಕೊಡಿಸಿದ್ದರು. ಕಾಲರಿನ ಗುಂಡಿ ಕತ್ತು ಹಿಡಿಯುತ್ತಿತ್ತು.

ಮೊದಲು ಡೋಲು ಒಂದೇ ನುಡಿಯಿತು. ಆಮೇಲೆ ಭಾವ ಪೆಡಲು ತುಳಿದ. ನೆಲ ಅದುರಿ, ಕುರ್ಚಿಗಳಲ್ಲಿದ್ದವರು ಒಟ್ಟಿಗೇ ಬೆಚ್ಚಿದರು. ಢಬ್, ತಡೆ, ಟಕ್. ಆ ತಡೆಯೊಳಗೆ ಚೆಲ್ಲೋ ಎಳೆದು ಬಿಟ್ಟಿತು. ಕ್ಲಾರಿನೆಟ್ ಮೇಲಿನಿಂದ ನೂಲಿನಂತೆ ಇಳಿಯಿತು. ಟಕಟಕಿ ಬಾರಿಸುತ್ತಲೇ ಭಾವನ ಕಡೆ ಕಣ್ಣಿಟ್ಟಿದ್ದಳು. ಇಕ್ಕಳ ಒಳಗೆ ಹೋಗುತ್ತಿತ್ತು, ಮುಚ್ಚಳ ಹಿಡಿದು ಹೊರಗೆ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಇಕ್ಕಳ ಕಾಣಲಿಲ್ಲ, ಭಾವನೂ ಕಾಣಲಿಲ್ಲ. ಸದ್ದು ಮಾತ್ರ ಇತ್ತು, ಅವಳು ಅದರೊಳಗಿದ್ದಳು. ಕೊನೆಯ ಭಾಗದಲ್ಲಿ ಪ್ರೆಸ್ಸು ಬಿಸಿಯಾಗಿ ಟಕ್ ಇನ್ನೂ ಹಿಂದೆ ಹಿಂದೆ ಸರಿಯುತ್ತಿರುವಾಗ ಅವಳ ಕೈಗಳು ಅದರ ಬೆನ್ನಟ್ಟಿ ಹೋಗಿ, ಹಿಡಿದು, ಒಟ್ಟಿಗೇ ನಿಂತವು.

ಜನ ಎದ್ದು ನಿಂತರು. ಮಾಲೀಕರು ಕಣ್ಣು ಒರೆಸಿಕೊಂಡರು. ದೂರದ ಊರಿನಲ್ಲಿ ದೊಡ್ಡ ಸಂಗೀತೋತ್ಸವ ನಡೆಸುವ ಹೆಂಗಸೊಬ್ಬರು ಅವಳ ಎರಡೂ ಕೈ ಹಿಡಿದುಕೊಂಡು, ಇದೇ ತಿಂಗಳು ಇನ್ನೊಮ್ಮೆ ಇಲ್ಲೇ, ಇದೇ ಯಂತ್ರದ ಮೇಲೆ ಮಾಡಿ, ನಮ್ಮವರನ್ನೆಲ್ಲ ಕರೆತರುತ್ತೇನೆ ಎಂದರು. ಖಂಡಿತ ಎಂದಳು ಟಕಟಕಿ. ಆ ಹೆಂಗಸಿನ ಭುಜದಾಚೆ, ಜನರ ನಡುವೆ, ಫಿಟ್ಟರ್ ನಿಂತಿದ್ದ. ಕೈಯಲ್ಲಿ ಸ್ಪ್ಯಾನರ್. ಹುಬ್ಬು ಏರಿಸಿ ಪ್ರೆಸ್ಸಿನ ಕಡೆ ತಲೆ ಆಡಿಸಿದ.

ಅವಳು ಕೈ ಎತ್ತಿ, ಇರಲಿ, ಆಮೇಲೆ ಎಂದು ಸನ್ನೆ ಮಾಡಿದಳು.

ಅವನು ಒಂದು ಗಳಿಗೆ ಹಾಗೇ ನಿಂತಿದ್ದು, ಸ್ಪ್ಯಾನರ್ ಜೇಬಿಗೆ ಹಾಕಿಕೊಂಡು ಹೋದ.

ಕಾರ್ಯಕ್ರಮಕ್ಕೆಂದು ಕೊಟ್ಟಿದ್ದ ರಜೆ ಕಳೆದು ಕಾರ್ಖಾನೆ ಮತ್ತೆ ಶುರುವಾದ ದಿನ ಬೆಳಿಗ್ಗೆ ಭಾವ ಎಂದಿನಂತೆ ಹೊರಟುಹೋದ. ಟಕಟಕಿ ಸ್ನಾನ ಮುಗಿಸಿ, ಚಹಾ ಹಿಡಿದುಕೊಂಡು, ಕಾರ್ಯಕ್ರಮದ ಮುದ್ರಿಕೆಯನ್ನು ಮೊದಲ ಸಲ ಕೇಳಲು ಕೂತಳು. ಅವತ್ತು ಕೇಳಿಸದಿದ್ದದ್ದು ಈಗ ಕೇಳಿಸಿತು. ಕೊನೆಯ ಭಾಗದಲ್ಲಿ, ಅವಳ ಕೈಗಳು ಬೆನ್ನಟ್ಟಿ ಹೋದ ಕಡೆ, ಒಂದು ಹೊಡೆತಕ್ಕೆ ಟಕ್ ಇರಲೇ ಇಲ್ಲ. ಟಕ್ ಎಂದು ಅವಳು ಅಂದುಕೊಂಡದ್ದು ತನ್ನ ಡೋಲಿನ ಅಂಚಿನ ಸದ್ದು. ಅದರ ಕೆಳಗೆ, ಬ್ರೇಕು ಹಿಡಿಯಬೇಕಾದಲ್ಲಿ, ಕಬ್ಬಿಣ ಉಜ್ಜಿಕೊಂಡು ಜಾರುವ ಒಂದು ಸಣ್ಣ ಕಿರುಗುಟ್ಟುವಿಕೆ. ಅಚ್ಚು ಮೇಲೆ ನಿಲ್ಲದೆ ದಾಟಿಹೋಗಿ, ಹೇಗೋ ತೂಗಾಡುತ್ತಾ ಉಳಿದಿತ್ತು. ಭಾವನ ಇಕ್ಕಳ ಆಗ ಒಳಗಿತ್ತು, ಅದು ಮುಚ್ಚಳಕ್ಕೆ ತಾಗಿದ ಸದ್ದೂ ಮುದ್ರಿಕೆಯಲ್ಲಿತ್ತು. ಅವಳು ಅದನ್ನು ಮತ್ತೊಮ್ಮೆ ಹಾಕಿ ಕೇಳಿದಳು.

ಭಾವನಿಗೆ ಫೋನು ಮಾಡಿದಳು. ಪಾಳಿಯಲ್ಲಿದ್ದಾಗ ಫೋನು ಲಾಕರಿನಲ್ಲಿಡುವ ನಿಯಮ. ಮಾಲೀಕರ ಫೋನು ಯಾರೋ ಎತ್ತಿ, ಸಭೆಯಲ್ಲಿದ್ದಾರೆ ಎಂದರು. ಮೂರನೇ ಪ್ರೆಸ್ ನಿಲ್ಲಿಸಲು ಹೇಳಿ ಎಂದಳು. ಹೇಳ್ತೀನಿ ಮೇಡಂ ಎಂದರು, ಊಟಕ್ಕೆ ಬನ್ನಿ ಎಂದರೆ ಬರ್ತೀನಿ ಎನ್ನುವ ದನಿಯಲ್ಲಿ. ಅವಳು ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಸಿಕ್ಕ ಆಟೋ ಸಿಗ್ನಲಿನಲ್ಲಿ ನಿಂತಿತು. ಇಳಿದು ಮತ್ತೆ ಓಡಿದಳು.

ಗೇಟಿನ ಕಾವಲುಗಾರ ಅವಳನ್ನು ಗುರುತು ಹಿಡಿದು, ಮೊನ್ನೆಯ ಕಾರ್ಯಕ್ರಮ ಬಹಳ ಚೆನ್ನಾಗಿತ್ತು ಎಂದು ಶುರುಮಾಡಿದ. ಅವನ ಮಾತಿನ ಹಿಂದಿನಿಂದ ಶೆಡ್ಡಿನ ಸದ್ದು ಬರುತ್ತಿತ್ತು. ಎಲ್ಲ ಪ್ರೆಸ್ಸುಗಳ ನಡುವೆಯೂ ಅವಳ ಕಿವಿ ಮೂರನೆಯದನ್ನು ಹುಡುಕಿಕೊಂಡಿತು. ಢಬ್, ತಡೆ, ಟಕ್. ಸದ್ಯ, ನಡೆಯುತ್ತಿದೆ. ಢಬ್, ತಡೆ, ಟಕ್. ಆದರೆ ಇದು ಇಕ್ಕಳದ ವೇಗವಲ್ಲ, ಕೈಯ ವೇಗ. ಅವಳು ಅಂಗಳ ಅರ್ಧ ದಾಟಿದ್ದಳು. ಭಾವಾ ಎಂದು ಕೂಗಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ಢಬ್. ಢಬ್.

ಆಮೇಲೆ ಒಂದೊಂದಾಗಿ ಎಲ್ಲ ಪ್ರೆಸ್ಸುಗಳೂ ನಿಂತವು.

ಭಾವನ ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ಅಂದು ಆತುರದ ಸರಕಿತ್ತಂತೆ, ಇಕ್ಕಳ ಹಿಡಿದು ಕೂತರೆ ಸಂಜೆಗೂ ಮುಗಿಯುವುದಿಲ್ಲ ಎಂದು ಮೇಸ್ತ್ರಿ ಗದರಿದ್ದರಂತೆ. ಟಕಟಕಿಯೇ ತನ್ನ ದುಪ್ಪಟ್ಟಾವನ್ನು ಭಾವನ ಕೈಗೆ ಬಿಗಿದು ಕಟ್ಟಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಕರೆತಂದಳು. ದಾರಿಯಲ್ಲಿ ಭಾವ ಒಂದೇ ಮಾತು ಹೇಳಿದ.

'ಅಕ್ಕಂಗೆ ಏನೂ ಹೇಳ್ಬೇಡ. ನಾನೇ ಇಕ್ಕಳ ಬಿಟ್ಟಿದ್ದು.'

ಅಕ್ಕ ಅಂಗಡಿಯ ಏಪ್ರನ್ನಿನಲ್ಲೇ ಬಂದಳು. ಕನ್ನಡಕದ ತಿರುಪು ಬಿಗಿಯುವ ಕಡ್ಡಿಯಂಥ ಸ್ಕ್ರೂಡ್ರೈವರು ಇನ್ನೂ ಜೇಬಿನಲ್ಲಿತ್ತು. ಒಳಗೆ ಬಿಡಲಿಲ್ಲವಾದ್ದರಿಂದ ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಅಕ್ಕ ತಂಗಿಯ ರಕ್ತ ಹತ್ತಿದ ಕೈಗಳನ್ನು ತನ್ನ ಏಪ್ರನ್ನಿನಿಂದ ಒರೆಸುತ್ತಾ, ನೀನು ಅಲ್ಲಿದ್ದದ್ದು ದೊಡ್ಡದಾಯಿತು, ನೀನಿಲ್ಲದಿದ್ದರೆ ಏನಾಗುತ್ತಿತ್ತೋ ಎಂದಳು. ಬೆರಳು ಬೆರಳೂ ಬಿಡಿಸಿ ಒರೆಸಿದಳು. ಟಕಟಕಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಕೈ ಎಳೆದುಕೊಂಡು ಎಲ್ಲವನ್ನೂ ಹೇಳಿದಳು. ಬಚ್ಚಲ ಬಾಗಿಲ ಮಾತು, ಸಡಿಲಿಸಿದ ಪಟ್ಟಿ, ಫಿಟ್ಟರ್‌ಗೆ ಮಾಡಿದ ಕೈಸನ್ನೆ, ಒಂದನ್ನೂ ಬಿಡಲಿಲ್ಲ.

ಅಕ್ಕ ಕೇಳುತ್ತಾ ಏಪ್ರನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು.

'ಅವತ್ತು ನಾನೂ ಚಪ್ಪಾಳೆ ತಟ್ಟಿದೆ' ಎಂದಳು.

ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ, ಬೆನ್ನು ಮಾಡಿ ನಿಂತವಳು ವೈದ್ಯರು ಕರೆಯುವ ತನಕ ತಿರುಗಲಿಲ್ಲ.

ವಿಚಾರಣೆಗೆ ಕಾರ್ಖಾನೆ ಇಲಾಖೆಯ ಅಧಿಕಾರಿ ಬಂದರು. ತಪ್ಪೆಲ್ಲ ಫಿಟ್ಟರ್‌ನದು ಎಂದು ಮಾಲೀಕರು ಅಷ್ಟರಲ್ಲೇ ಬರೆದುಕೊಟ್ಟಾಗಿತ್ತು. ಟಕಟಕಿ ತಾನಾಗಿಯೇ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ, ಮುದ್ರಿಕೆಗಳನ್ನು ಅವರ ಮೇಜಿನ ಮೇಲಿಟ್ಟಳು. ಸಂಗೀತಕ್ಕಾಗಿ ಬ್ರೇಕು ಸಡಿಲಿಸಿದರು ಎಂಬುದನ್ನು ಅಧಿಕಾರಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮೂರನೇ ಪ್ರೆಸ್ಸಿಗೆ ಬೀಗಮುದ್ರೆ ಬಿತ್ತು. ಫಿಟ್ಟರ್‌ನ ಕೆಲಸ ಉಳಿಯಿತು, ಆದರೆ ಅವನೇ ಅಲ್ಲಿರಲಾರದೆ ಬಿಟ್ಟು ಹೋದನೆಂದು ಆಮೇಲೆ ತಿಳಿಯಿತು. ಉತ್ಸವದ ಹೆಂಗಸು ಫೋನು ಮಾಡಿ, ಮುದ್ರಿಕೆ ಹಾಕಿಯಾದರೂ ಮಾಡಬಹುದಲ್ಲ, ಅಷ್ಟು ಒಳ್ಳೆಯ ಕೃತಿ ಎಂದರು. ಒಳ್ಳೆಯದು ಎಂಬುದು ಸುಳ್ಳಾಗಿರಲಿಲ್ಲ. ಅವಳಿಗೆ ನಿದ್ದೆ ಬಾರದಂತೆ ಮಾಡುತ್ತಿದ್ದದ್ದೂ ಅದೇ. ಆಗುವುದಿಲ್ಲ ಎಂದು ಫೋನು ಇಟ್ಟಳು.

ಮನೆ ಬಿಟ್ಟು ಹೋಗು ಎಂದು ಅಕ್ಕ ಹೇಳಲಿಲ್ಲ. ಆದರೆ ತಟ್ಟೆ ಇಡುವಾಗ, ಬಾಗಿಲು ತೆರೆಯುವಾಗ ಅಕ್ಕನ ಕಣ್ಣು ಅವಳ ಕೈಗಳ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಮೇಜಿನ ಮೇಲೆ ಬೆರಳಾಡಿಸುವ ಅಭ್ಯಾಸವನ್ನು ಟಕಟಕಿ ಬಿಟ್ಟಳು. ಬಿಟ್ಟರೂ ಬೆರಳುಗಳು ಮಡಿಲಲ್ಲಿ ತಾವಾಗಿಯೇ ಆಡುತ್ತಿದ್ದವು. ಭಾವ ಆಸ್ಪತ್ರೆಯಿಂದ ಬರುವ ಮುಂಚೆಯೇ ಅವಳು ಬೇರೆ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಮಕ್ಕಳಿಗೆ ಪಾಠ ಹೇಳತೊಡಗಿದಳು. ತಾನು ಏನೂ ಬರೆಯಲಿಲ್ಲ.

ಚಳಿ ಕಡಿಮೆಯಾಗುತ್ತಿದ್ದ ಒಂದು ಸಂಜೆ ಅಕ್ಕ ಆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಮೆಟ್ಟಿಲು ಹತ್ತಿದ ಉಸಿರು ಆರಿಸಿಕೊಂಡು ಹೇಳಿದಳು.

'ದಿನಾ ಕೇಳ್ತಾರೆ ಅವ್ರು ನಿನ್ನ. ಸಾಕಾಯ್ತು ನಂಗೆ ಉತ್ತರ ಹೇಳಿ. ಬಂದು ಮಾತಾಡ್ಸಿ ಹೋಗು. ನನ್ ಜೊತೆ ಮಾತಾಡ್ಬೇಕಾಗಿಲ್ಲ.'

ಟಕಟಕಿ ಬಾಗಿಲು ಎಳೆದುಕೊಂಡು ಹಿಂದೆ ಹೊರಟಳು. ದಾರಿಯುದ್ದಕ್ಕೂ ಅಕ್ಕ ಒಂದು ಮಾರು ಮುಂದೆಯೇ ನಡೆದಳು. ಮನೆ ಹೊಕ್ಕವಳೇ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಪಾತ್ರೆಗಳ ಸದ್ದು ಕೇಳಿಸಿತು.

ಭಾವ ಸೋಫಾದ ತುದಿಯಲ್ಲಿ ಕೂತು, ಎಡಗೈಯೊಂದರಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಅವಳನ್ನು ಕಂಡು ಬಲಗೈಯನ್ನು ದಿಂಬಿನ ಕೆಳಗೆ ಸರಿಸಿಕೊಂಡ. ತೆಳ್ಳಗಾಗಿದ್ದ. ಅವಳು ಹೊಸಿಲಲ್ಲೇ ನಿಂತಳು. ಭಾವ ಗುಂಡಿಯನ್ನು ಅಷ್ಟಕ್ಕೇ ಬಿಟ್ಟು, ಸೋಫಾದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದ.

'ಕೂತ್ಕೋ' ಎಂದ.